ಚಳಿಗಾಲದ ಕೆರೆ ಹಕ್ಕಿಗಳು: ಹಾಸನ, ಚಿಕ್ಕಮಗಳೂರು ಕಡೆಯ ಸಮಗ್ರ ಮಾರ್ಗದರ್ಶಿ

ಹಕ್ಕಿ ನೋಡಲು ಹೊರಟವರು ಸಾಮಾನ್ಯವಾಗಿ ಮೊದಲು ಹಕ್ಕಿಗಳ ಹೆಸರು ಕಲಿಯುತ್ತಾರೆ. ನಾನು ಹೇಳುವುದು ಬೇರೆ. ಮೊದಲು ಕೆರೆಯ ಪರಿಚಯ ಮಾಡಿಕೊಳ್ಳಿ. ಏರಿ ಎಲ್ಲಿದೆ, ತೂಬು ಎಲ್ಲಿದೆ, ಕೋಡಿ ಯಾವ ಕಡೆ, ಯಾವ ಮೂಲೆಯಲ್ಲಿ ನೀರು ಮೊಣಕಾಲುದ್ದ ಮಾತ್ರ ಇದೆ? ಇಷ್ಟು ತಿಳಿದರೆ ಯಾವ ಹಕ್ಕಿಯನ್ನು ಎಲ್ಲಿ ಹುಡುಕಬೇಕು ಎನ್ನುವುದು ತಾನಾಗಿಯೇ ಗೊತ್ತಾಗುತ್ತದೆ. ನಮ್ಮ ಎರಡು ಜಿಲ್ಲೆಗಳಲ್ಲಿ ಕೆರೆಗೆ ಬರವಿಲ್ಲ. ಪಕ್ಷಿಧಾಮ ಅಂತ ಬೋರ್ಡ್ ಇರುವ ಜಾಗಕ್ಕೇ ಹೋಗಬೇಕು ಅಂತೇನೂ ಇಲ್ಲ. ನಿಮ್ಮೂರಿನ ಕೆರೆಯಲ್ಲೇ ಸೈಬೀರಿಯಾದಿಂದ ಬಂದ ಬಾತು ಈಜುತ್ತಿರಬಹುದು.

ಯಾವಾಗ ಹೋಗಬೇಕು

ವಲಸೆ ಹಕ್ಕಿಗಳೆಲ್ಲ ಒಂದೇ ದಿನ ಬಂದಿಳಿಯುವುದಿಲ್ಲ. ಕೆಸರಿನಲ್ಲಿ ಓಡಾಡುವ ಪುಟ್ಟ ಗೊರವಗಳು ಆಗಸ್ಟ್ ಕೊನೆ, ಸೆಪ್ಟೆಂಬರ್ ಹೊತ್ತಿಗೇ ಕಾಣಿಸಿಕೊಳ್ಳುತ್ತವೆ. ಅಂಬರಗುಬ್ಬಿ, ಬಾಲ ಕುಣಿಸುವ ಕುಂಡೆಕುಸ್ಕ ಕೂಡ ಬೇಗ ಬರುತ್ತವೆ. ಬಾತುಗಳು ಮಾತ್ರ ನಿಧಾನ. ಅವುಗಳ ಗುಂಪು ಕಟ್ಟುವುದು ನವೆಂಬರ್ ನಂತರ. ಡಿಸೆಂಬರ್‌ನಿಂದ ಫೆಬ್ರವರಿ ತನಕ ಒಳ್ಳೆಯ ಕಾಲ. ಮಾರ್ಚ್‌ನಲ್ಲಿ ಒಂದೊಂದೇ ಗುಂಪು ಉತ್ತರಕ್ಕೆ ಹೊರಟುಬಿಡುತ್ತದೆ. ಮಧ್ಯ ಏಷ್ಯಾ, ಮಂಗೋಲಿಯಾ, ಸೈಬೀರಿಯಾದಲ್ಲಿ ಮರಿ ಮಾಡಿ, ಅಲ್ಲಿ ನೀರು ಹೆಪ್ಪುಗಟ್ಟುವ ಮೊದಲು ದಕ್ಷಿಣಕ್ಕೆ ಬರುವ ಹಕ್ಕಿಗಳು ಇವು.

ಒಂದೇ ದಿನ ಆರಿಸಿಕೊಳ್ಳಿ ಅಂದರೆ ನಾನು ಜನವರಿ ಮಧ್ಯದ ದಿನವನ್ನು ಆರಿಸುತ್ತೇನೆ. ಇದಕ್ಕೆ ಎರಡು ಕಾರಣ. ಮಳೆಗಾಲದಲ್ಲಿ ತುಂಬಿದ ಕೆರೆಗಳು ಆ ಹೊತ್ತಿಗೆ ಒಂದಷ್ಟು ಇಳಿದಿರುತ್ತವೆ. ಅಂಚಿನಲ್ಲಿ ಕೆಸರು ಬಯಲಾಗಿ, ತೆಳು ನೀರಿನ ಪಟ್ಟಿ ಅಗಲವಾಗಿರುತ್ತದೆ. ಎರಡನೆಯದು, ಗಂಡು ಬಾತುಗಳು ಆಗ ಬಣ್ಣ ತುಂಬಿಕೊಂಡಿರುತ್ತವೆ. ಅಕ್ಟೋಬರ್, ನವೆಂಬರ್‌ನಲ್ಲಿ ಬಂದಿಳಿಯುವ ಎಷ್ಟೋ ಗಂಡುಗಳು ಹೆಣ್ಣಿನ ಹಾಗೆ ಬರೀ ಕಂದು ಬಣ್ಣದಲ್ಲಿರುತ್ತವೆ. ಗುರುತಿಸುವುದು ತುಂಬಾ ಕಷ್ಟ. ಹೊಸಬರು ಅಲ್ಲೇ ಬೇಸರಪಟ್ಟು ಬಿಟ್ಟುಬಿಡುತ್ತಾರೆ.

ಹೊತ್ತಿನ ವಿಷಯದಲ್ಲಿ ನಮ್ಮ ಕಡೆಯದೇ ಒಂದು ತೊಡಕಿದೆ. ಹಾಸನ ಸಮುದ್ರಮಟ್ಟದಿಂದ ಒಂಬೈನೂರು ಮೀಟರಿಗಿಂತ ಎತ್ತರದಲ್ಲಿದೆ. ಚಿಕ್ಕಮಗಳೂರು ಸಾವಿರ ಮೀಟರ್ ದಾಟುತ್ತದೆ. ಡಿಸೆಂಬರ್, ಜನವರಿ ಬೆಳಗ್ಗೆ ಕೆರೆ ಮೇಲೆ ದಟ್ಟ ಮಂಜು ಕೂತಿರುತ್ತದೆ. ಆರು ಗಂಟೆಗೆ ಹೋದರೆ ದನಿ ಕೇಳುತ್ತದೆ, ಹಕ್ಕಿ ಕಾಣುವುದಿಲ್ಲ. ಆದರೂ ಬೇಗ ಹೋಗಿ. ಮಂಜಿನೊಳಗೆ ಸಿಳ್ಳೆಬಾತುಗಳ ಸಿಳ್ಳೆ, ನಾಮದಕೋಳಿಗಳ ಜಗಳ ಕೇಳುತ್ತಾ ಕೂತರೆ ಕಿವಿ ಪಳಗುತ್ತದೆ. ಮಂಜು ಸರಿದ ಮೇಲಿನ ಎರಡು ಗಂಟೆ ಬೆಳಕು ಬಲು ಚೆನ್ನಾಗಿರುತ್ತದೆ. ಹತ್ತೂವರೆ ದಾಟಿದರೆ ನೀರಿನ ಮೇಲೆ ಬಿಸಿಲ ಝಳ ಎದ್ದು ದೂರದ ಹಕ್ಕಿ ಅಲುಗಾಡಿದಂತೆ ಕಾಣುತ್ತದೆ. ಮತ್ತೆ ಸಂಜೆ ನಾಲ್ಕರ ನಂತರ ಹೋಗಬಹುದು.

ಕೆರೆ ಆರಿಸುವುದು

ಹೊಸಬರು ಜಾಸ್ತಿ ಎಡವುವುದು ಇಲ್ಲೇ. ದೊಡ್ಡ ನೀರು ಇದ್ದರೆ ಹಕ್ಕಿಯೂ ಜಾಸ್ತಿ ಎಂದುಕೊಂಡು ನೇರವಾಗಿ ಅಣೆಕಟ್ಟೆಗೆ ಹೋಗುತ್ತಾರೆ. ಆದರೆ ನಮ್ಮಲ್ಲಿಗೆ ಬರುವ ಹೆಚ್ಚಿನ ಬಾತುಗಳು ಮುಳುಗಿ ತಿನ್ನುವುದಿಲ್ಲ. ತಲೆ ಕೆಳಗೆ, ಬಾಲ ಮೇಲೆ ಮಾಡಿ, ಕೊಕ್ಕು ತಲುಪುವಷ್ಟು ಆಳದಲ್ಲಿ ಮೇಯುತ್ತವೆ. ಅಂದರೆ ಒಂದೂವರೆ ಅಡಿಗಿಂತ ಆಳವಿದ್ದರೆ ಅವಕ್ಕೆ ಅಲ್ಲಿ ಊಟವಿಲ್ಲ. ಗೊರೂರಿನ ಹೇಮಾವತಿ ಜಲಾಶಯವಾಗಲಿ, ಬೇಲೂರಿನ ಯಗಚಿಯಾಗಲಿ, ಕಟ್ಟೆಯ ಹತ್ತಿರ ನಿಂತು ನೋಡಿದರೆ ನೀರುಕಾಗೆ ಬಿಟ್ಟು ಜಾಸ್ತಿ ಏನೂ ಕಾಣುವುದಿಲ್ಲ. ಅದೇ ಜಲಾಶಯದ ಹಿನ್ನೀರಿನ ತುದಿಗೆ ಹೋಗಿ. ಹುಲ್ಲುಗಾವಲು ಮುಳುಗಿ ತೆಳುವಾಗಿ ನೀರು ನಿಂತ ಕಡೆ ದೃಶ್ಯವೇ ಬೇರೆ. ಶೆಟ್ಟಿಹಳ್ಳಿಯ ಹಳೇ ಚರ್ಚ್ ನೋಡಲು ಹೋಗುವವರು ಕಟ್ಟಡದ ಫೋಟೊ ತೆಗೆದು ವಾಪಸ್ ಬರುತ್ತಾರೆ. ಅಲ್ಲೇ ನೀರಿನ ಅಂಚನ್ನು ಒಂದು ಗಂಟೆ ನೋಡಿ.

ಬಾತು, ಗೊರವ ಬೇಕೆಂದರೆ ಸಕಲೇಶಪುರ, ಮೂಡಿಗೆರೆ ಕಡೆಗಲ್ಲ, ಬಯಲುಸೀಮೆ ಕಡೆ ತಿರುಗಿ. ಅರಸೀಕೆರೆ, ಚನ್ನರಾಯಪಟ್ಟಣ, ಕಡೂರು ತಾಲ್ಲೂಕುಗಳ ಅಗಲವಾದ, ಆಳವಿಲ್ಲದ ಕೆರೆಗಳೇ ಅವಕ್ಕೆ ಇಷ್ಟ. ಒಂದೇ ಷರತ್ತು, ಆ ವರ್ಷ ಕೆರೆಗೆ ನೀರು ಬಂದಿರಬೇಕು. ಬಯಲುಸೀಮೆಯ ಕೆರೆ ಪ್ರತಿ ವರ್ಷ ತುಂಬುವುದಿಲ್ಲ. ಹೋದ ವರ್ಷ ಸಾವಿರ ಹಕ್ಕಿ ಇದ್ದ ಕಡೆ ಈ ವರ್ಷ ಕುರಿ ಮೇಯುತ್ತಿರಬಹುದು. ಹೋಗುವ ಮೊದಲು ಆ ಊರಿನ ಯಾರನ್ನಾದರೂ ಕೇಳಿ. ಕುರಿ ಕಾಯುವವರು, ಮೀನು ಹಿಡಿಯುವವರು ಕೊಡುವಷ್ಟು ನಿಖರ ಮಾಹಿತಿ ಯಾವ ಆ್ಯಪ್‌ನಲ್ಲೂ ಸಿಗುವುದಿಲ್ಲ. "ಅಣ್ಣಾ, ಈ ಸಲ ಕೆರೆ ಕೋಡಿ ಬಿತ್ತಾ? ಬಾತು ಯಾವ ಕಡೆ ಕೂರ್ತವೆ?" ಅಂತ ಕೇಳಿದರೆ ಸಾಕು, ಕೈ ತೋರಿಸಿ ಹೇಳುತ್ತಾರೆ.

ಮೊದಲ ಸಲ ಹೋಗುವವರಿಗೆ ನಾನು ಹಳೇಬೀಡು ಹೇಳುತ್ತೇನೆ. ಹೊಯ್ಸಳೇಶ್ವರ ದೇವಸ್ಥಾನದ ಪಕ್ಕದಲ್ಲೇ ದ್ವಾರಸಮುದ್ರ ಕೆರೆ ಇದೆ. ಬಸ್ಸಿನ ಅನುಕೂಲವಿದೆ, ಹೋಟೆಲ್ ಇದೆ, ಮನೆಯವರಿಗೆ ದೇವಸ್ಥಾನ ಇದೆ. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಅಲ್ಲಿಗೆ ಬರುವವರು ಇನ್ನೂ ಜಾಸ್ತಿಯಾಗಿದ್ದಾರೆ. ಕೆರೆ ಕಡೆ ತಿರುಗಿ ನೋಡುವವರು ಕಮ್ಮಿ. ಚಿಕ್ಕಮಗಳೂರು ಕಡೆಯವರಿಗೆ ಸಖರಾಯಪಟ್ಟಣದ ಹತ್ತಿರದ ಅಯ್ಯನಕೆರೆ, ಕಡೂರು ತಾಲ್ಲೂಕಿನ ಮದಗದಕೆರೆ ಇವೆ. ಎರಡೂ ಬೆಟ್ಟದ ಬುಡದ ದೊಡ್ಡ ಕೆರೆಗಳು, ಎರಡರ ನೀರೂ ವೇದಾವತಿಗೆ ಸೇರುತ್ತದೆ. ಅಯ್ಯನಕೆರೆ ನೋಡಲು ಬಹಳ ಚಂದ, ಆದರೆ ಏರಿ ಕಡೆ ಆಳ. ಹಕ್ಕಿಗಿಂತ ನೋಟಕ್ಕೆ ಜಾಸ್ತಿ ಅಂಕ. ಅಲ್ಲಿ ಹಕ್ಕಿ ಬೇಕಾದರೆ ಕೆರೆಯ ಕೆಳಗಿನ ಅಚ್ಚುಕಟ್ಟಿನ ಗದ್ದೆ, ತೋಟಗಳಲ್ಲಿ ನಡೆಯಿರಿ.

ಲಕ್ಕವಳ್ಳಿಯ ಭದ್ರಾ ಹಿನ್ನೀರಿನ ಮಾತು ಬೇರೆ. ಅದು ಹುಲಿ ಮೀಸಲು ಪ್ರದೇಶಕ್ಕೆ ಅಂಟಿಕೊಂಡಿದೆ, ಸುಮ್ನೆ ಒಳಗೆ ನುಗ್ಗುವಂತಿಲ್ಲ. ಅನುಮತಿ ಇರುವ ದೋಣಿ ಸಫಾರಿಯಲ್ಲೇ ಹೋಗಬೇಕು. ಚಳಿಗಾಲ ಮುಗಿದು ನೀರು ಇಳಿದಂತೆ ಅಲ್ಲಿ ದ್ವೀಪಗಳು ಮೇಲೇಳುತ್ತವೆ. ನದಿ ರೀವಗಳು (ರಿವರ್ ಟರ್ನ್ ಎನ್ನುವ ಮೀನು ಹಿಡಿಯುವ ಹಕ್ಕಿಗಳು) ಆ ಬರಿ ನೆಲದ ಮೇಲೇ ಮೊಟ್ಟೆ ಇಡುತ್ತವೆ. ದೋಣಿಯವರು ದ್ವೀಪದ ಹತ್ತಿರ ಹೋಗಲು ಒಪ್ಪದಿದ್ದರೆ ಒತ್ತಾಯ ಮಾಡಬೇಡಿ. ತಾಯಿ ಹಕ್ಕಿ ಎದ್ದರೆ ಮೊಟ್ಟೆ ಬಿಸಿಲಿಗೆ ಬೆಂದುಹೋಗುತ್ತದೆ.

ಏನೇನು ಇಟ್ಟುಕೊಳ್ಳಬೇಕು

ಬೈನಾಕ್ಯುಲರ್ ಒಂದು ಇದ್ದರೆ ಸಾಕು. ಅದರ ಮೇಲೆ 8x42 ಅಂತ ಬರೆದಿದ್ದರೆ ಎಂಟು ಪಟ್ಟು ಹತ್ತಿರ ಕಾಣುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲ ಎಂದರ್ಥ. ಕೆರೆಗೆ ಹತ್ತು ಪಟ್ಟಿನದು ಇನ್ನೂ ಒಳ್ಳೆಯದು ಎನ್ನುವವರಿದ್ದಾರೆ. ಕೈ ನಡುಗದವರಿಗೆ ಅದು ಸರಿ. ಮೊದಲ ಬಾರಿ ಕೊಳ್ಳುವವರಿಗೆ ಎಂಟೇ ವಾಸಿ. ಚಿತ್ರ ಅಲುಗಾಡುವುದಿಲ್ಲ, ನೋಟ ಅಗಲ. ಇಪ್ಪತ್ತು, ಮೂವತ್ತು ಪಟ್ಟು ಎಂದು ಬರೆದು ಅಗ್ಗಕ್ಕೆ ಮಾರುವ ಚಿಕ್ಕ ಬೈನಾಕ್ಯುಲರ್ ಬೇಡವೇ ಬೇಡ.

ಕೊಂಡ ಮೇಲೆ ನಿಮ್ಮ ಕಣ್ಣಿಗೆ ಹೊಂದಿಸಿಕೊಳ್ಳಬೇಕು. ಇದನ್ನು ಎಷ್ಟೋ ಜನ ಮಾಡುವುದೇ ಇಲ್ಲ. ಎರಡು ಕೊಳವೆಗಳನ್ನು ಹತ್ತಿರ ದೂರ ಮಾಡಿ, ಎರಡು ವೃತ್ತ ಸೇರಿ ಒಂದೇ ಆಗುವಂತೆ ಮಾಡಿ. ದೂರದ ಬೋರ್ಡೊಂದನ್ನು ನೋಡಿ. ಬಲಗಣ್ಣು ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಅಕ್ಷರ ಸ್ಪಷ್ಟ ಮಾಡಿಕೊಳ್ಳಿ. ಈಗ ಎಡಗಣ್ಣು ಮುಚ್ಚಿ. ನಡುವಿನ ಚಕ್ರ ಮುಟ್ಟದೆ, ಬಲಗಣ್ಣಿನ ಕಡೆ ಇರುವ ಚಿಕ್ಕ ಉಂಗುರ ತಿರುಗಿಸಿ ಸ್ಪಷ್ಟ ಮಾಡಿ. ಉಂಗುರ ಎಲ್ಲಿ ನಿಂತಿತು ಎಂದು ನೆನಪಿಡಿ. ಇನ್ನು ಮುಂದೆ ನಡುವಿನ ಚಕ್ರ ಮಾತ್ರ ತಿರುಗಿಸಿದರೆ ಆಯಿತು. ಕನ್ನಡಕ ಹಾಕುವವರು ಕಣ್ಣಿನ ಕಡೆಯ ರಬ್ಬರ್ ಒಳಕ್ಕೆ ಮಡಚಿ, ಕನ್ನಡಕದ ಮೇಲೇ ಇಟ್ಟು ನೋಡಬಹುದು.

ಇನ್ನುಳಿದದ್ದು ಮನೆಯಲ್ಲೇ ಇರುವುದು. ಮಾಸಲು ಹಸಿರು ಅಥವಾ ಕಂದು ಬಟ್ಟೆ, ಟೋಪಿ, ಬಿಸಿಲೇರಿದಾಗ ಬಿಚ್ಚಿಡಬಹುದಾದ ಸ್ವೆಟರ್, ನೀರು, ಪುಸ್ತಕ, ಪೆನ್ಸಿಲ್. ಇಬ್ಬನಿಗೆ ಪೆನ್ನು ಸರಿಯಾಗಿ ಬರೆಯುವುದಿಲ್ಲ. ಏರಿ ಮೇಲಿನ ಹುಲ್ಲಲ್ಲಿ ಕೊಳಕುಮಂಡಲ ಇರಬಹುದು, ಹಾಗಾಗಿ ಚಪ್ಪಲಿ ಬೇಡ, ಪಾದ ಪೂರ್ತಿ ಮುಚ್ಚುವ ಶೂ ಬೇಕು.

ಕೆರೆಗೆ ಹೋದ ಮೇಲೆ

ಮೊದಲು ಸೂರ್ಯ ಎಲ್ಲಿದ್ದಾನೆ ನೋಡಿ. ಬೆನ್ನಿಗೆ ಬಿಸಿಲು ಬೀಳುವಂತೆ ನಿಲ್ಲಬೇಕು. ಬೆಳಗ್ಗೆಯಾದರೆ ಕೆರೆಯ ಪೂರ್ವ ದಡ, ಸಂಜೆಯಾದರೆ ಪಶ್ಚಿಮ ದಡ. ಎದುರು ಬಿಸಿಲಿಗೆ ನಿಂತರೆ ಎಲ್ಲಾ ಹಕ್ಕಿಯೂ ಕರೀ ಬೊಂಬೆಯೇ.

ಏರಿ ಮೇಲೆ ನೆಟ್ಟಗೆ ನಡೆದು ಹೋಗಬೇಡಿ. ಆಕಾಶದ ಹಿನ್ನೆಲೆಯಲ್ಲಿ ಮನುಷ್ಯನ ಆಕಾರ ಎದ್ದು ಕಾಣುತ್ತದೆ, ಅರ್ಧ ಕೆರೆ ಖಾಲಿಯಾಗುತ್ತದೆ. ಏರಿಯ ಹೊರಮೈಯಲ್ಲಿ ನಡೆದು, ಮರ ಅಥವಾ ತೂಬಿನ ಮಂಟಪದ ಮರೆಯಿಂದ ನಿಧಾನವಾಗಿ ಇಣುಕಿ. ಏರಿ ಮೇಲೆ ರಸ್ತೆ ಇದ್ದರೆ ಕಾರಿನೊಳಗೇ ಕೂತು ನೋಡುವುದು ಎಲ್ಲಕ್ಕಿಂತ ಒಳ್ಳೆಯದು. ಹಕ್ಕಿಗಳು ವಾಹನಕ್ಕೆ ಅಷ್ಟಾಗಿ ಹೆದರುವುದಿಲ್ಲ. ಕಾರಿನ ಬಾಗಿಲು ತೆರೆದ ಕೂಡಲೇ ಹಾರುತ್ತವೆ.

ಈಗ ಏರಿಯಿಂದ ಶುರುಮಾಡಿ ಒಂದೊಂದೇ ಜಾಗ ನೋಡುತ್ತಾ ಬನ್ನಿ.

ಏರಿಯ ಕಲ್ಲುಕಟ್ಟಡದ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸುತ್ತಿರುತ್ತವೆ. ಅದೇ ಕಲ್ಲುಗಳ ಅಂಚಿನಲ್ಲಿ ಒಂಟಿಯಾಗಿ, ಹಿಂಭಾಗ ಕುಣಿಸುತ್ತಾ ಓಡಾಡುವ ಕಂದು ಹಕ್ಕಿ ಕಂಡರೆ ಅದು ಕಾಮನ್ ಸ್ಯಾಂಡ್‌ಪೈಪರ್. ಎದೆಯ ಪಕ್ಕದಿಂದ ಬಿಳಿ ಬಣ್ಣ ಭುಜದ ಕಡೆ ಮೇಲೇರಿರುತ್ತದೆ. ಹಾರಿದರೆ ನೀರಿಗೆ ತಾಗುವಷ್ಟು ಕೆಳಗೆ, ರೆಕ್ಕೆ ಬಿಗಿಯಾಗಿ ಬಡಿಯುತ್ತಾ ಹೋಗುತ್ತದೆ. ತೂಬಿನ ಹತ್ತಿರ ಮಿಂಚುಳ್ಳಿ. ಕೋಡಿಯ ಕೆಳಗೆ ಹರಿಯುವ ನೀರಿದ್ದರೆ ಅಲ್ಲಿ ಬೂದು ಬೆನ್ನು, ಹಳದಿ ಹೊಟ್ಟೆಯ ಬೂದು ಕುಂಡೆಕುಸ್ಕ ಹುಡುಕಿ. ಚಳಿಗಾಲ ಕಳೆಯಲು ಹಿಮಾಲಯದ ಕಡೆಯಿಂದ ಬರುವ ಅದಕ್ಕೆ ನಿಂತ ನೀರಿಗಿಂತ ಹರಿಯುವ ನೀರೇ ಬೇಕು.

ಕೆರೆಯ ನಡುವಿನ ಆಳದ ನೀರಲ್ಲಿ ಗುಳುಮುಳುಕ, ನಾಮದಕೋಳಿ, ಹೆಜ್ಜಾರ್ಲೆ. ಕಪ್ಪು ಮೈ, ಹಣೆಗೆ ಬಿಳಿ ನಾಮ ಇದ್ದರೆ ನಾಮದಕೋಳಿ. ಇದನ್ನು ಬಾತು ಎಂದು ಎಣಿಸಬೇಡಿ. ಮುಳುಗಿ ತಿನ್ನುವ ಬಾತುಗಳೂ ಬಂದರೆ ಇಲ್ಲೇ ಸಿಗುತ್ತವೆ. ಕೆಂಗಂದು ತಲೆ, ಬೂದು ಮೈ ಇದ್ದರೆ ಪೋಚರ್ಡ್.

ಜೊಂಡು ಬೆಳೆದ ಮೂಲೆಗೆ ತಾಳ್ಮೆ ಬೇಕು. ನೇರಳೆ ಜಂಬುಕೋಳಿ ಸುಲಭವಾಗಿ ಕಾಣುತ್ತದೆ. ಕೆನ್ನೀಲಿ ಬಕ ಮಾತ್ರ ಕತ್ತು ನೆಟ್ಟಗೆ ಮಾಡಿ ಜೊಂಡಿನ ಜೊತೆ ಬೆರೆತು ನಿಂತಿರುತ್ತದೆ. ತಾವರೆ, ನೈದಿಲೆ ಎಲೆಗಳ ಮೇಲೆ ಉದ್ದ ಬೆರಳಿಟ್ಟು ನಡೆಯುವುದು ದೇವನಕ್ಕಿ. ಚಿತ್ರಗಳಲ್ಲಿ ಕಾಣುವ ಆ ಉದ್ದ ಬಾಲವನ್ನು ಚಳಿಗಾಲದಲ್ಲಿ ಹುಡುಕಬೇಡಿ. ಉದ್ದ ಬಾಲದ ದೇವನಕ್ಕಿಗೆ ಬಾಲ ಬರುವುದು ಮರಿ ಮಾಡುವ ಕಾಲಕ್ಕೆ ಮಾತ್ರ.

ನೀವು ಜಾಸ್ತಿ ಹೊತ್ತು ಕೊಡಬೇಕಾದ ಜಾಗ ಕೆರೆಯ ಮೇಲ್ತುದಿ. ಹಳ್ಳ ಬಂದು ಸೇರುವ, ನೀರು ತೆಳುವಾಗಿ ಹರಡಿರುವ ಕಡೆ. ಅಲ್ಲಿನ ಬಾತುಗಳನ್ನು ಬಣ್ಣದಿಂದಲ್ಲ, ಮೊದಲು ಆಕಾರದಿಂದ ಬಿಡಿಸಿ. ಕತ್ತು ಉದ್ದ ಮತ್ತು ಸಣ್ಣ, ಬಾಲ ಚೂಪು ಇದ್ದರೆ ಸೂಜಿಬಾಲದ ಬಾತು. ಗಂಡಿಗೆ ಕಾಫಿಪುಡಿ ಬಣ್ಣದ ತಲೆ, ಕತ್ತಿನ ಪಕ್ಕ ಮೇಲೇರುವ ಬಿಳಿ ಗೆರೆ. ಕೊಕ್ಕು ಮೈಗಿಂತ ದೊಡ್ಡದೇನೋ ಎನ್ನುವಷ್ಟು ಅಗಲವಾಗಿದ್ದು, ನೀರಲ್ಲಿ ಅದನ್ನು ಅತ್ತಿತ್ತ ಆಡಿಸುತ್ತಾ ಗುಂಪು ಗುಂಪಾಗಿ ಸುತ್ತುತ್ತಿದ್ದರೆ ಶವಲರ್. ಅದರ ಕೊಕ್ಕಿನ ಅಂಚಿಗೆ ಬಾಚಣಿಗೆಯ ಹಲ್ಲಿನಂಥ ಸಾಲಿದೆ. ನೀರನ್ನು ಸೋಸಿ ಸಣ್ಣ ಜೀವಿಗಳನ್ನು ಉಳಿಸಿಕೊಳ್ಳುತ್ತದೆ. ಚಿಕ್ಕ ಮೈ, ಗಂಡಿಗೆ ಕಣ್ಣ ಮೇಲಿಂದ ಕತ್ತಿನ ತನಕ ಎದ್ದುಕಾಣುವ ಬಿಳಿ ಹುಬ್ಬು ಇದ್ದರೆ ಗಾರ್ಗನಿ.

ಇವುಗಳ ಮಧ್ಯೆ ನಮ್ಮೂರಿನ ಬಾತುಗಳೂ ಇರುತ್ತವೆ. ಕೊಕ್ಕಿನ ತುದಿ ಹಳದಿ, ಬುಡದಲ್ಲಿ ಎರಡು ಕೆಂಪು ಚುಕ್ಕೆ ಇರುವುದು ಚುಕ್ಕೆಕೊಕ್ಕಿನ ಬಾತು. ಹಗಲು ದಡದಲ್ಲಿ ಗುಂಪಾಗಿ ತೂಕಡಿಸುವುದು ಸಿಳ್ಳೆಬಾತು, ರಾತ್ರಿ ಗದ್ದೆಗೆ ಇಳಿದು ಮೇಯುತ್ತದೆ. ಇವೆರಡನ್ನು ಮೊದಲು ಚೆನ್ನಾಗಿ ಕಲಿತುಬಿಡಿ. ಆಮೇಲೆ ಹೊಸದೊಂದು ಬಂದರೆ ಕಣ್ಣಿಗೆ ತಾನೇ ಬೀಳುತ್ತದೆ. ಪಟ್ಟೆತಲೆ ಹೆಬ್ಬಾತು ಸಿಕ್ಕರೆ ನಿಮ್ಮ ಅದೃಷ್ಟ. ಬಿಳಿ ತಲೆಯ ಮೇಲೆ ಎರಡು ಕಪ್ಪು ಪಟ್ಟಿ ಇರುವ, ಹಿಮಾಲಯ ದಾಟಿ ಬರುವ ಈ ಹಕ್ಕಿಯನ್ನು ಗುಂಪುಗುಂಪಾಗಿ ನೋಡಲೇಬೇಕು ಎನ್ನುವವರು ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಬೇಕು. ಆ ಕೆರೆ 2024ರಲ್ಲಿ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು.

ಕೆಸರಿನ ಪಟ್ಟಿಯಲ್ಲಿ ಗೊರವಗಳು. ಇವು ಕಷ್ಟ, ಒಪ್ಪುತ್ತೇನೆ. ಮೊದಲ ಚಳಿಗಾಲದಲ್ಲಿ ಮೂರು ಕಲಿತರೆ ಸಾಕು. ಉದ್ದ ಗುಲಾಬಿ ಕಾಲಿನ ಕಪ್ಪು ಬಿಳುಪು ಹಕ್ಕಿ ಮೆಟ್ಟುಗಾಲು. ಬೆನ್ನಿನ ತುಂಬ ಚುಕ್ಕೆ, ಕಣ್ಣ ಮೇಲೆ ತಿಳಿ ಹುಬ್ಬು, ಹಳದಿ ಮಿಶ್ರಿತ ಕಾಲು ಇದ್ದರೆ ಗದ್ದೆಗೊರವ. ಕಣ್ಣ ಸುತ್ತ ಹಳದಿ ಉಂಗುರ, ಸ್ವಲ್ಪ ಓಡಿ ಗಕ್ಕನೆ ನಿಲ್ಲುವ ಅಭ್ಯಾಸ ಇದ್ದರೆ ಲಿಟ್ಲ್ ರಿಂಗ್ಡ್ ಪ್ಲೋವರ್. ನಡೆಯುವ ರೀತಿ ನೋಡಿದರೆ ಅರ್ಧ ಉತ್ತರ ಸಿಕ್ಕಿತು.

ಇದ್ದಕ್ಕಿದ್ದಂತೆ ಬಾತುಗಳೆಲ್ಲ ಒಟ್ಟಿಗೆ ಎದ್ದರೆ ತಲೆ ಎತ್ತಿ ಆಕಾಶ ನೋಡಿ. ರೆಕ್ಕೆಯನ್ನು ಸ್ವಲ್ಪ ಮೇಲಕ್ಕೆ ಹಿಡಿದು ಜೊಂಡಿನ ಮೇಲೆ ತೇಲಿ ಬರುವ ಬೇಟೆ ಹಕ್ಕಿ ಜೌಗು ಸೆಳೆವ ಇರಬಹುದು. ಅದೂ ಚಳಿಗಾಲದ ಅತಿಥಿಯೇ.

ಅಚ್ಚುಕಟ್ಟಿನ ಗದ್ದೆಗಳನ್ನು ಕೊನೆಗಿಟ್ಟುಕೊಳ್ಳಿ. ಬಿಸಿಲೇರಿದ ಮೇಲೂ ಅಲ್ಲಿ ಹಕ್ಕಿ ಸಿಗುತ್ತವೆ. ಕೊಕ್ಕರೆ ಜಾತಿಯ ಬಾಯ್ಕಳಕ ಬಸವನಹುಳು ಹೆಕ್ಕುತ್ತಿರುತ್ತದೆ. ಬದುವಿನ ಹತ್ತಿರದಿಂದ ಉದ್ದ ಕೊಕ್ಕಿನ ಸ್ನೈಪ್ ಅಡ್ಡಾದಿಡ್ಡಿ ಹಾರುತ್ತದೆ. ಬದುವಿನ ಮೇಲೆ ನಡೆಯಿರಿ, ಪೈರಿನೊಳಗೆ ಕಾಲಿಡಬೇಡಿ. ರೈತರು ಎದುರಾದರೆ ಏನು ಮಾಡುತ್ತಿದ್ದೀರಿ ಅಂತ ನೀವೇ ಹೇಳಿ, ಬೈನಾಕ್ಯುಲರ್ ಕೈಗೆ ಕೊಟ್ಟು ತೋರಿಸಿ.

ಎಷ್ಟು ಹತ್ತಿರ ಹೋಗಬಹುದು

ಹಕ್ಕಿಯೇ ಹೇಳುತ್ತದೆ. ಮೇಯುತ್ತಿದ್ದ ಬಾತುಗಳು ತಲೆ ಎತ್ತಿ ಕತ್ತು ನೆಟ್ಟಗೆ ಮಾಡಿದರೆ ಅಲ್ಲೇ ನಿಲ್ಲಿ. ಗುಂಪಾಗಿ ನಿಮ್ಮಿಂದ ದೂರ ಈಜತೊಡಗಿದರೆ ಎರಡು ಹೆಜ್ಜೆ ಹಿಂದೆ ಬಂದು ಕೂತುಕೊಳ್ಳಿ. ಮತ್ತೆ ಮೇಯಲು ಶುರುಮಾಡುವ ತನಕ ಅಲುಗಾಡಬೇಡಿ. ಸಾವಿರಾರು ಕಿಲೋಮೀಟರ್ ಹಾರಿ ಬಂದ ಹಕ್ಕಿ ಇಲ್ಲಿ ಕೊಬ್ಬು ಕೂಡಿಟ್ಟುಕೊಂಡರೆ ಮಾತ್ರ ವಾಪಸ್ ಹೋಗಬಲ್ಲದು. ಫೋಟೊಗಾಗಿ ಎಬ್ಬಿಸಿದ ಒಂದೊಂದು ಸಲವೂ ಆ ಗಂಟಿನಿಂದ ಖರ್ಚು. ಹಾರುವ ಚಿತ್ರ ಬೇಕೆಂದು ಕಲ್ಲು ಎಸೆಯುವವರನ್ನು ಕಂಡರೆ ದಯವಿಟ್ಟು ತಡೆಯಿರಿ. ಡ್ರೋನ್ ಬೇಡ. ಮೊಬೈಲ್‌ನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದೂ ಬೇಡ.

ನಿಮ್ಮ ಸುರಕ್ಷತೆಯ ಮಾತು ಎರಡಿದೆ. ಒಣಗಿದಂತೆ ಕಾಣುವ ಕೆರೆ ಅಂಗಳದ ಹೂಳು ಮೇಲೆ ಮಾತ್ರ ಗಟ್ಟಿ, ಒಳಗೆ ಹಸಿ. ಕಾಲು ಹೂತರೆ ಒಬ್ಬರೇ ಹೊರಬರುವುದು ಕಷ್ಟ. ಮಣ್ಣು ತೆಗೆದ ಗುಂಡಿಗಳು ನೀರಿನ ಕೆಳಗೆ ಕಾಣುವುದಿಲ್ಲ. ದನಗಳು ನಡೆದ ದಾರಿಯಲ್ಲೇ ನಡೆಯಿರಿ. ಇನ್ನೊಂದು ಆನೆ. ಆಲೂರು, ಸಕಲೇಶಪುರ, ಬೇಲೂರು ತಾಲ್ಲೂಕುಗಳಲ್ಲಿ ಕತ್ತಲಿರುವಾಗ ಕೆರೆಗೆ ಹೊರಡುವ ಮುಂಚೆ ಹಿಂದಿನ ಸಂಜೆಯೇ ಊರಿನವರನ್ನು ಕೇಳಿಕೊಳ್ಳಿ. ಅರಣ್ಯ ಇಲಾಖೆಯ ಎಚ್ಚರಿಕೆ ಇದ್ದರೆ ಆ ದಿನ ಹೋಗಲೇಬೇಡಿ. ಆನೆಯೂ ನೀರಿಗೇ ಬರುತ್ತದೆ ಅಲ್ವಾ?

ಎಣಿಸಿ, ಬರೆದಿಡಿ

ದೊಡ್ಡ ಗುಂಪನ್ನು ಒಂದೊಂದಾಗಿ ಎಣಿಸಲು ಹೋದರೆ ತಪ್ಪುತ್ತದೆ. ಮೊದಲು ಹತ್ತು ಹಕ್ಕಿ ಎಣಿಸಿ. ಆ ಹತ್ತು ಎಷ್ಟು ಜಾಗ ತುಂಬಿದೆ ಎಂದು ಮನಸ್ಸಲ್ಲಿ ಹಿಡಿದುಕೊಳ್ಳಿ. ಅಂಥ ಎಷ್ಟು ತುಂಡು ಇಡೀ ಗುಂಪಿನಲ್ಲಿವೆ ನೋಡಿ. ಮುನ್ನೂರು ಎಂದು ಬಂದರೆ ಮುನ್ನೂರು ಬರೆಯಿರಿ, 'ತುಂಬಾ ಇದ್ದವು' ಎಂದಲ್ಲ. ಜೊತೆಗೆ ದಿನಾಂಕ, ಹೊತ್ತು, ಕೆರೆಯಲ್ಲಿ ನೀರು ಎಷ್ಟಿತ್ತು, ಅಂತರಗಂಗೆ ಎಷ್ಟು ಹಬ್ಬಿತ್ತು, ಬಲೆ ಬಿಟ್ಟಿದ್ದರಾ, ಇದೂ ಇರಲಿ. ನೀರಿನ ಮಟ್ಟ ಬರೆಯದ ಪಟ್ಟಿ ಮುಂದಿನ ವರ್ಷ ನಿಮಗೇ ಅರ್ಥವಾಗುವುದಿಲ್ಲ.

ಗುರುತು ಸಿಗದ ಹಕ್ಕಿಗೆ ಹೆಸರು ಹಚ್ಚಲು ಅವಸರ ಬೇಡ. ಮೈ ಎಷ್ಟು ದೊಡ್ಡದು, ಕೊಕ್ಕು ಹೇಗಿದೆ, ಕಾಲಿನ ಬಣ್ಣ ಏನು, ಎಲ್ಲಿ ನಿಂತಿತ್ತು, ಏನು ಮಾಡುತ್ತಿತ್ತು ಎಂದು ಬರೆದು ಪಕ್ಕದಲ್ಲಿ ಒರಟಾಗಿ ಚಿತ್ರ ಬಿಡಿಸಿ. ಮನೆಗೆ ಬಂದು ಪುಸ್ತಕ ತೆಗೆಯಿರಿ, ಇಲ್ಲವೇ ಹಕ್ಕಿ ಗುರುತಿಸಲು ನೆರವಾಗುವ ಮರ್ಲಿನ್ ಆ್ಯಪ್ ನೋಡಿ. ಆ್ಯಪ್ ಹೇಳಿದ್ದನ್ನೂ ಒಮ್ಮೆ ಪರೀಕ್ಷಿಸಿ.

ಪಟ್ಟಿಯನ್ನು ಇಬರ್ಡ್‌ಗೆ, ಅಂದರೆ ಹಕ್ಕಿ ನೋಡುವವರ ದಾಖಲೆ ಕೂಡಿಡುವ ಜಾಲತಾಣಕ್ಕೆ ಹಾಕಿ. ಉಚಿತ, ಮೊಬೈಲ್‌ನಲ್ಲೇ ಆಗುತ್ತದೆ. ಬಯಲುಸೀಮೆಯ ಎಷ್ಟೋ ಹಳ್ಳಿ ಕೆರೆಗಳಿಂದ ದಾಖಲೆ ಬರುವುದೇ ಕಮ್ಮಿ, ಹಾಗಾಗಿ ಬರೀ ಬೆಳ್ಳಕ್ಕಿ, ನೀರುಕಾಗೆ ಇದ್ದ ಪಟ್ಟಿಯೂ ಬೇಕು. ಏಷ್ಯಾದ ನೀರುಹಕ್ಕಿ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ. ಹವ್ಯಾಸಿಗಳೇ ಅದರಲ್ಲಿ ಎಣಿಸುವವರು. ನಿಮ್ಮೂರಿನ ಒಂದು ಕೆರೆಯನ್ನು ಆರಿಸಿಕೊಂಡು ಪ್ರತಿ ಜನವರಿ ಅದನ್ನೇ, ಅದೇ ದಡದಿಂದ, ಹೆಚ್ಚುಕಮ್ಮಿ ಅದೇ ಹೊತ್ತಿಗೆ ಎಣಿಸಿ.

ಬಿಟ್ಟುಹೋದ ಬಲೆಯಲ್ಲಿ ಹಕ್ಕಿ ಸಿಕ್ಕಿಕೊಂಡಿದ್ದು ಕಂಡರೆ ಎಳೆಯಬೇಡಿ. ತಲೆಗೆ ಬಟ್ಟೆ ಮುಚ್ಚಿದರೆ ಹಕ್ಕಿ ಶಾಂತವಾಗುತ್ತದೆ. ಬಕ, ಹಾವಕ್ಕಿಗಳು ಕಣ್ಣಿಗೇ ಕುಕ್ಕುತ್ತವೆ, ಕೊಕ್ಕನ್ನು ಮೊದಲು ಹಿಡಿದುಕೊಳ್ಳಿ. ಎಳೆಗಳನ್ನು ಚಿಕ್ಕ ಕತ್ತರಿಯಿಂದ ಒಂದೊಂದಾಗಿ ಕತ್ತರಿಸಿ. ರೆಕ್ಕೆ ಮುರಿದಿದ್ದರೆ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಹತ್ತಿರದ ವಲಯ ಅರಣ್ಯಾಧಿಕಾರಿ ಕಚೇರಿಗೆ ತಿಳಿಸಿ. ಬಾಯಿಗೆ ನೀರು ಹಾಕಬೇಡಿ, ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಆ ಬಲೆಯನ್ನು ಅಲ್ಲೇ ಬಿಡದೆ ಸುತ್ತಿ ತನ್ನಿ.